ಪಿಕಪ್ ಗಾಡಿಯೊಳಗೆ ಕೂರುವವರ ಮಾತು



ಗಾಡಿ ಕೊಳ್ಳಲು ಹೊರಟ ನಮ್ಮ ಬೆಳೆಗಾರರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ನಾಲ್ಕು. ಎಷ್ಟು ಲೋಡು ಹೊರುತ್ತದೆ? ಲೀಟರಿಗೆ ಎಷ್ಟು ಕೊಡುತ್ತದೆ? ಘಟ್ಟ ಹತ್ತುತ್ತದೆಯೇ? ಬಿಡಿಭಾಗ ತಾಲ್ಲೂಕು ಪೇಟೆಯಲ್ಲಿ ಸಿಗುತ್ತದೆಯೇ? ನಾಲ್ಕೂ ಸರಿಯಾದ ಪ್ರಶ್ನೆಗಳೇ. ಆದರೆ ಐದನೆಯದು ಒಂದಿದೆ. ಅದನ್ನು ಕೇಳಿದವರನ್ನು ನಾವು ಇದುವರೆಗೆ ಕಂಡದ್ದು ಕಡಿಮೆ. ಒಳಗೆ ಕೂರುವವನ ಗತಿ ಏನು?

ಈ ಪ್ರಶ್ನೆ ಎತ್ತಿದರೆ ಕೆಲವರು ನಗುತ್ತಾರೆ. "ಗೊಬ್ಬರ ಹೊರುವ ಗಾಡಿಗೆ ಮೆತ್ತನೆ ಸೀಟು ಯಾಕೆ ಮಾರಾಯ್ರೆ, ಮದುವೆ ದಿಬ್ಬಣಕ್ಕೆ ಹೋಗಲಿಕ್ಕಿದೆಯಾ?" ಎನ್ನುತ್ತಾರೆ. ಈ ನಗುವಿಗೆ ಒಂದು ಇತಿಹಾಸವಿದೆ. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆಯವರು ವಿಲ್ಲಿಸ್ ಜೀಪನ್ನು ನಮ್ಮ ದೇಶದಲ್ಲಿ ಜೋಡಿಸಲಾರಂಭಿಸಿದ ಮೇಲೆ ಮಲೆನಾಡಿನ ತೋಟಗಳಿಗೆ ಜೀಪೇ ದೊರೆ. ಬಟ್ಟೆಯ ಟಾಪು, ಹೆಸರಿಗಷ್ಟೇ ಬಾಗಿಲು, ಹಲಗೆಯಂತಹ ಸೀಟು. ನಮ್ಮ ತಂದೆಯವರು, ಅಜ್ಜಂದಿರು ಅದರಲ್ಲೇ ಓಡಾಡಿ ತೋಟ ಕಟ್ಟಿದರು. ಅದರಿಂದ ನಮ್ಮ ಮನಸ್ಸಿನಲ್ಲಿ ಒಂದು ಮಾತು ಬೇರೂರಿತು: ಕೆಲಸದ ಗಾಡಿಯೆಂದರೆ ಮೈ ನೋಯಿಸಲೇಬೇಕು, ಮೈ ನೋಯಿಸದ ಗಾಡಿ ಷೋಕಿಯ ಗಾಡಿ. ಈ ಮಾತನ್ನು ಈಗ ಕಿತ್ತು ನೋಡುವ ಕಾಲ ಬಂದಿದೆ ಎಂದು ನಮ್ಮ ಅಭಿಪ್ರಾಯ.

ಮೊದಲನೆಯದಾಗಿ, ಸ್ಟಿಯರಿಂಗ್ ಹಿಡಿದವರು ಯಾರು? ಹಿಂದೆ ದೊಡ್ಡ ಎಸ್ಟೇಟುಗಳಿಗೆ ಡ್ರೈವರ್ ಇದ್ದ. ಹತ್ತು ಹೆಕ್ಟೇರಿಗೆ ಒಳಗಿನ ನಮ್ಮಂತಹ ಸಣ್ಣ ಹಿಡುವಳಿಯಲ್ಲಿ ಸಂಬಳದ ಡ್ರೈವರನ್ನು ಇಟ್ಟುಕೊಳ್ಳುವವರು ವಿರಳ. ಯಜಮಾನರೇ ಓಡಿಸುತ್ತಾರೆ, ಇಲ್ಲವೇ ಮಗ, ಮಗಳು, ಸೊಸೆ. ಸರಕಿನ ಲಘು ವಾಹನಕ್ಕೆ ಬೇರೆ ಲೈಸೆನ್ಸು ಬೇಕೇ ಎಂಬ ಗೊಂದಲವೂ ತೀರಿದೆ. ಒಟ್ಟು ತೂಕ 7,500 ಕಿಲೋ ಒಳಗಿನ ಸಾರಿಗೆ ವಾಹನವನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ತೀರ್ಪಿತ್ತಿದೆ. ಆದುದರಿಂದ ಸೀಟಿನ ಮೇಲೆ ಕೂತು ಸೊಂಟ ಸವೆಸಿಕೊಳ್ಳುವವರು ಬೇರೆ ಯಾರೋ ಅಲ್ಲ, ನಾವೇ.

ಎರಡನೆಯದಾಗಿ, ಪಿಕಪ್ ಗಾಡಿ ಕುಣಿಯುವುದಕ್ಕೆ ಕಾರಣ ತಿಳಿದಿರಬೇಕು. ಹಿಂದಿನ ಆಕ್ಸಲಿಗೆ ಕಟ್ಟಿರುವ ಲೀಫ್ ಸ್ಪ್ರಿಂಗಿನ ಪಟ್ಟಿಗಳನ್ನು ಟನ್ನು ಭಾರ ಹೊರಲೆಂದು ಗಟ್ಟಿಯಾಗಿ ಮಾಡಿರುತ್ತಾರೆ. ಭಾರವಿದ್ದಾಗ ಅವು ಬಾಗಿ ಗಾಡಿ ನೆಟ್ಟಗೆ ಸಾಗುತ್ತದೆ. ಖಾಲಿ ಇದ್ದಾಗ ಅವು ಬಾಗುವುದೇ ಇಲ್ಲ. ರಸ್ತೆಯ ಪ್ರತಿ ಹೊಂಡವೂ ಬೆನ್ನುಮೂಳೆಗೆ ನೇರ ಬಂದು ತಾಗುತ್ತದೆ. ನಮ್ಮ ಓಡಾಟದಲ್ಲಿ ಪೂರ್ತಿ ಲೋಡಿನ ದಿನಗಳು ಎಷ್ಟು? ಕಾಫಿ ಕ್ಯೂರಿಂಗ್ ವರ್ಕ್ಸಿಗೆ ಹೋಗುವಾಗ, ಅಡಿಕೆ ಮಂಡಿಗೆ ಹೋಗುವಾಗ, ವರ್ಷಕ್ಕೊಮ್ಮೆ ಗೊಬ್ಬರ ತರುವಾಗ. ಉಳಿದ ದಿನಗಳಲ್ಲಿ ಹಿಂದೆ ಎರಡು ಮೂಟೆ ಹಿಂಡಿ, ಒಂದು ಸ್ಪ್ರೇ ಪಂಪು, ಒಂದು ಏಣಿ. ಅಂದರೆ ಗಾಡಿ ಅತಿ ಹೆಚ್ಚು ಕುಣಿಯುವ ಸ್ಥಿತಿಯಲ್ಲೇ ನಾವು ಅತಿ ಹೆಚ್ಚು ಓಡಾಡುತ್ತೇವೆ. ಇಂತಹ ಗಾಡಿಯಲ್ಲಿ ಸೀಟು ಎಂಬುದು ಅಲಂಕಾರವಲ್ಲ, ಅದೂ ಒಂದು ಸ್ಪ್ರಿಂಗೇ.

ಮೂರನೆಯದು ಮಳೆಯ ಮಾತು. ಬಯಲುಸೀಮೆಯವರು ಎ.ಸಿ. ಎಂದರೆ ತಂಪು ಎಂದುಕೊಳ್ಳುತ್ತಾರೆ. ನಮಗೆ ಎ.ಸಿ. ಎಂದರೆ ಕಣ್ಣು. ಜೂನ್‌ನಿಂದ ಆಗಸ್ಟ್‌ವರೆಗೆ ಗ್ಲಾಸು ಇಳಿಸುವಂತಿಲ್ಲ. ಒಳಗೆ ಇಬ್ಬರೋ ಮೂವರೋ, ಅವರ ಒದ್ದೆ ಬಟ್ಟೆ, ನೆನೆದ ಕಂಬಳಿ, ಅವರ ಉಸಿರು. ಆ ತೇವವೆಲ್ಲ ತಣ್ಣಗಿನ ಗ್ಲಾಸಿಗೆ ತಾಗಿ ಮಂಜು ಕಟ್ಟುತ್ತದೆ. ವೈಪರ್ ಹೊರಗಿನ ನೀರನ್ನು ತೆಗೆಯುತ್ತದೆಯೇ ಹೊರತು ಒಳಗಿನ ಮಂಜನ್ನು ತೆಗೆಯಲಾರದು. ಎ.ಸಿ. ಹಾಕಿದಾಗ ಗಾಳಿ ತಣ್ಣನೆಯ ಸುರುಳಿಯ ಮೇಲೆ ಹಾದು, ಅದರ ತೇವ ಅಲ್ಲೇ ನೀರಾಗಿ ಗಾಡಿಯಡಿಗೆ ತೊಟ್ಟಿಕ್ಕುತ್ತದೆ. ಒಣಗಿದ ಗಾಳಿ ಗ್ಲಾಸಿನ ಮೇಲೆ ಬೀಸಿದರೆ ನಿಮಿಷಾರ್ಧದಲ್ಲಿ ರಸ್ತೆ ಕಾಣುತ್ತದೆ.

ಕಳೆದ ಮಳೆಗಾಲದಲ್ಲಿ ನಮ್ಮ ಬಳಗದ ಒಬ್ಬರು ಸಂಜೆ ಆರರ ಹೊತ್ತಿಗೆ ಘಟ್ಟದ ತಿರುವಿನಲ್ಲಿ ಒಂದು ಕೈಯಲ್ಲಿ ಸ್ಟಿಯರಿಂಗ್, ಇನ್ನೊಂದು ಕೈಯಲ್ಲಿ ಬೈರಾಸು ಹಿಡಿದು ಗ್ಲಾಸು ಒರೆಸುತ್ತ ಬರುತ್ತಿದ್ದರು. ಒರೆಸಿದ ಅಂಗೈಯಗಲದ ಜಾಗದಲ್ಲಿ ಬಸ್ಸಿನ ದೀಪ ಕಂಡಾಗ ಉಳಿದ ದೂರ ಹತ್ತು ಮಾರು. ಚರಂಡಿಗೆ ಇಳಿದು ಬದುಕಿದರು. ಅವರ ಗಾಡಿಯಲ್ಲಿ ಎ.ಸಿ. ಇರಲಿಲ್ಲ. ಕೊಳ್ಳುವಾಗ ಅದು "ನಮಗೆ ಬೇಡದ ಷೋಕಿ" ಎಂದು ಬಿಟ್ಟವರು ಅವರೇ. ಅಂದು ಅದಕ್ಕೆ ತಲೆಯಾಡಿಸಿದವರಲ್ಲಿ ನಾವೂ ಇದ್ದೆವು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ.

ಹಾಗಾದರೆ ಮಾರುಕಟ್ಟೆಯಲ್ಲಿ ಸುಖದ ಪಿಕಪ್ ಇಲ್ಲವೇ? ಇದೆ. 2022ರಲ್ಲಿ ಟೊಯೊಟಾದವರ ಹೈಲಕ್ಸ್ ನಮ್ಮದೇ ಬಿಡದಿಯಿಂದ ಹೊರಬಂತು. ಎಂಟು ಇಂಚಿನ ಪರದೆ, ಎಡಬಲಕ್ಕೆ ಬೇರೆ ಬೇರೆ ತಂಪು, ಮೇಲ್ದರ್ಜೆಯ ಮಾದರಿಯಲ್ಲಿ ಏಳು ಏರ್‌ಬ್ಯಾಗು. ಬಿಡುಗಡೆಯ ದಿನ ಷೋರೂಮ್ ಬೆಲೆ 33.99 ಲಕ್ಷ ರೂಪಾಯಿಯಿಂದ ಆರಂಭ. ಇಸುಜುವಿನ ವಿ-ಕ್ರಾಸ್ 2016ರಿಂದಲೂ ಇದೆ. ಒಳ್ಳೆಯ ಗಾಡಿಗಳೇ, ದೂರುವುದಕ್ಕಿಲ್ಲ. ಆದರೆ ಐದೆಕರೆ ತೋಟದವರು ಅಷ್ಟು ಹಣ ಗಾಡಿಗೆ ಹಾಕಿದರೆ ತೋಟಕ್ಕೆ ಹಾಕಲು ಏನೂ ಉಳಿಯದು. ಹೀಗೆ ಮಾರುಕಟ್ಟೆ ನಮ್ಮ ಮುಂದೆ ಎರಡು ತಟ್ಟೆ ಇಟ್ಟಿದೆ. ಒಂದರಲ್ಲಿ ಎಲ್ಲ ಸುಖವೂ ಉಂಟು, ಬೆಲೆ ನಮ್ಮದಲ್ಲ. ಇನ್ನೊಂದರಲ್ಲಿ ಬೆಲೆ ನಮ್ಮದು, ಒಳಗೆ ಬರೀ ತಗಡು. ನಡುವಿನ ತಟ್ಟೆಯನ್ನು ನಾವು ಕೇಳಲಿಲ್ಲ, ಅವರು ಬಡಿಸಲಿಲ್ಲ.

ಆದುದರಿಂದ ಬೇಕಾದುದು ಯಾವುದು, ಬೇಡದ್ದು ಯಾವುದು ಎಂದು ನಾವೇ ಬೇರ್ಪಡಿಸಿಕೊಳ್ಳಬೇಕು. ನಮ್ಮ ಲೆಕ್ಕ ಹೀಗಿದೆ.

ಬೇಕಾದುವು: ಹಿಂದೆ ಮುಂದೆ ಸರಿಯುವ, ಬೆನ್ನು ಓರೆ ಮಾಡಬಹುದಾದ, ಸೊಂಟಕ್ಕೆ ಆಧಾರ ಕೊಡುವ ಸೀಟು. ಗ್ಲಾಸಿಗೆ ಗಾಳಿ ಬಿಡುವ ಎ.ಸಿ., ಅದು ಆಗದಿದ್ದರೆ ಬ್ಲೋವರ್ ಇರುವ ಹೀಟರಾದರೂ. ಪವರ್ ಸ್ಟಿಯರಿಂಗ್. ಹತ್ತುವಾಗ ಹಿಡಿಯಲು ಪ್ರತಿ ಬಾಗಿಲಿಗೂ ಒಂದು ಹಿಡಿಕೆ, ಕಾಲಿಡಲು ಮೆಟ್ಟಿಲು. ಅರವತ್ತು ದಾಟಿದ ಅಮ್ಮ ಆಸ್ಪತ್ರೆಗೆ ಹೋಗುವುದೂ ಇದೇ ಗಾಡಿಯಲ್ಲಿ ತಾನೆ? ನೀರು ಹೊಯ್ದು ತೊಳೆಯಬಹುದಾದ ನೆಲ. ಕಾರ್ಪೆಟ್ಟು ಹಾಸಿದರೆ ನಮ್ಮ ಕೆಸರಿಗೆ ಎರಡೇ ವಾರದಲ್ಲಿ ಕೊಳೆತು ನಾರುತ್ತದೆ. ಒದ್ದೆ ಕೈಯಲ್ಲೂ ತಿರುಗುವ ಗುಂಡಿಗಳು. ಎಲ್ಲ ಸೀಟಿಗೂ ಬೆಲ್ಟು.

ಬೇಡದ್ದು: ದೊಡ್ಡ ಪರದೆ, ತೊಗಲಿನ ಹೊದಿಕೆ, ಬಣ್ಣದ ದೀಪ. ಇತ್ತೀಚೆಗೆ ಒಂದು ಷೋರೂಮಿಗೆ ಹೋಗಿದ್ದೆವು. ಅಲ್ಲಿಯ ಹುಡುಗ ಕಾಲು ಗಂಟೆ ಪರದೆಯಲ್ಲಿ ಹಾಡು ಹಾಕಿ ತೋರಿಸಿದ. ಹಿಂದಿನ ಸೀಟಿನ ಬೆನ್ನು ಇಷ್ಟು ನೆಟ್ಟಗಿದೆಯಲ್ಲ, ಎರಡು ಗಂಟೆ ಕೂರುವುದು ಹೇಗೆ ಎಂದು ಕೇಳಿದಾಗ, "ಸಾರ್, ಹಿಂದೆ ಕೆಲಸದವರು ತಾನೆ ಕೂರೋದು" ಎಂದ.

ಈ ಲೇಖನದ ನಿಜವಾದ ವಿಷಯ ಆ ಮಾತಿನಲ್ಲಿದೆ. ಆ ಹುಡುಗನನ್ನು ದೂರಿ ಪ್ರಯೋಜನವಿಲ್ಲ. ನಮ್ಮ ನಡವಳಿಕೆಯನ್ನು ನೋಡಿಯೇ ಅವನು ಹಾಗೆಂದದ್ದು. ಡಿಸೆಂಬರಿನಲ್ಲಿ ಕಾಫಿ ಕೊಯ್ಲು ಶುರುವಾದರೆ ಬೆಳಗಿನ ಏಳಕ್ಕೆ ನಮ್ಮ ರಸ್ತೆಗಳಲ್ಲಿ ಕಾಣುವುದೇನು? ಸಿಂಗಲ್ ಕ್ಯಾಬಿನ್ ಪಿಕಪ್, ಮುಂದೆ ನಾವು, ಹಿಂದೆ ತೆರೆದ ತೊಟ್ಟಿಯಲ್ಲಿ ಹತ್ತು ಹನ್ನೆರಡು ಮಂದಿ ಹೆಂಗಸರು, ಗಂಡಸರು, ಅವರ ಚೀಲ, ಬುತ್ತಿ. ಹಿಡಿಯಲು ಒಂದು ಕಬ್ಬಿಣದ ಸರಳು. ಅಡಿಕೆ ಕೊನೆ ಇಳಿಸಲು ಕೊನೆಗೌಡರು ಬರುವುದೂ ಹೀಗೆಯೇ. ಅವರು ಮರದ ಮೇಲೆ ಜೀವ ಪಣಕ್ಕಿಟ್ಟು ದುಡಿಯುತ್ತಾರೆ, ರಸ್ತೆಯಲ್ಲೂ ಪಣಕ್ಕಿಡಬೇಕೇ?

ಸರಕು ಹೊರುವ ತೊಟ್ಟಿಯಲ್ಲಿ ಜನರನ್ನು ಕೂರಿಸುವಂತಿಲ್ಲ ಎಂಬುದು ನಮಗೆಲ್ಲ ಗೊತ್ತಿರುವ ಕಾನೂನು. ಸರಕು ವಾಹನದಲ್ಲಿ ಪುಕ್ಕಟೆ ಪ್ರಯಾಣಿಕರಾಗಿ ಹೋದವರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪೆನಿಯದಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ಒಂದು ಗಾಡಿ ಮಗುಚಿದರೆ ಹಿಂದಿದ್ದವರ ಸಂಸಾರವೂ ಬೀದಿಗೆ, ಮುಂದಿದ್ದವನ ತೋಟವೂ ಬೀದಿಗೆ. ಕೆಲಸಕ್ಕೆ ಜನ ಸಿಗುವುದಿಲ್ಲವೆಂದು ಪ್ರತಿ ಸಭೆಯಲ್ಲೂ ನಾವು ಗೋಳಿಡುತ್ತೇವೆ. ಸಿಕ್ಕ ಜನರನ್ನು ಗೋಣಿ ಮೂಟೆಯಂತೆ ತರುತ್ತೇವೆ. ಇವೆರಡಕ್ಕೂ ಸಂಬಂಧವಿದೆ ಎಂದು ನಮಗೆ ತೋರುತ್ತದೆ.

ಇದಕ್ಕೆ ಡಬಲ್ ಕ್ಯಾಬಿನ್ ಗಾಡಿ ಒಂದು ಮಟ್ಟಿನ ಉತ್ತರ. ಮಹೀಂದ್ರದವರ ಬೊಲೆರೊ ಕ್ಯಾಂಪರ್, ಟಾಟಾದವರ ಯೋಧ ಕ್ರೂ ಕ್ಯಾಬ್ ಇಂತಹವು. ಐವರು ಬಾಗಿಲು ಹಾಕಿಕೊಂಡು ಒಳಗೆ ಕೂರಬಹುದು, ಹಿಂದೆ ಸರಕಿಗೂ ಜಾಗವಿದೆ. ತೊಟ್ಟಿ ಗಿಡ್ಡವಾಗುತ್ತದೆ ಎಂಬ ಆಕ್ಷೇಪಣೆ ನಿಜ. ಆದರೆ ಟನ್ನು ಭಾರ ಹೊರುವ ಗಾಡಿಯಲ್ಲಿ 50 ಕಿಲೋ ತೂಕದ 20 ಮೂಟೆ ಹೋಗುತ್ತದೆ. ಅದಕ್ಕಿಂತ ಹೆಚ್ಚು ಸಾಗಿಸುವ ದಿನ ವರ್ಷದಲ್ಲಿ ಎಷ್ಟೆಂದು ಪ್ರತಿಯೊಬ್ಬ ಸದಸ್ಯರೂ ತಮ್ಮ ತಮ್ಮ ಡೈರಿ ತೆಗೆದು ಎಣಿಸಲಿ. ಆ ದಿನಗಳಿಗೆ ಬಾಡಿಗೆ ಲಾರಿ ಹಿಡಿಯಬಹುದು. ಸೊಂಟವನ್ನು ಬಾಡಿಗೆಗೆ ತರಲಾಗುವುದಿಲ್ಲ. ಹತ್ತು ಮಂದಿಯನ್ನು ಐದು ಸೀಟಿನಲ್ಲಿ ತರುವುದು ಹೇಗೆಂದರೆ, ಎರಡು ಸರದಿ ಹೊಡೆಯಬೇಕು, ಇಲ್ಲವೇ ನೆರೆಯ ನಾಲ್ಕು ಮನೆಯವರು ಸೇರಿ ಕೊಯ್ಲಿನ ತಿಂಗಳುಗಳಿಗೆ ಪರವಾನಗಿ ಇರುವ ಒಂದು ವ್ಯಾನು ಗೊತ್ತು ಮಾಡಿಕೊಳ್ಳಬೇಕು. ಡೀಸೆಲಿನ ಖರ್ಚು ಏರುತ್ತದೆ, ಒಪ್ಪಿದೆವು. ಅದನ್ನು ಕೂಲಿಯ ಲೆಕ್ಕದಲ್ಲಿ ಬರೆಯಿರಿ, ದಂಡದ ಲೆಕ್ಕದಲ್ಲಿ ಬರೆಯಬೇಡಿ.

ಡಬಲ್ ಕ್ಯಾಬಿನ್ ಕೊಂಡವರಿಗೆ ಒಂದು ಎಚ್ಚರಿಕೆ. ಹಿಂದಿನ ಸೀಟು ಖಾಲಿ ಇದೆಯೆಂದು ಕೀಟನಾಶಕದ ಡಬ್ಬಿ, ಮೈಲುತುತ್ತದ ಚೀಲಗಳನ್ನು ಅಲ್ಲಿ ತುಂಬಬೇಡಿ. ಮುಚ್ಚಿದ ಕ್ಯಾಬಿನ್ನಿನಲ್ಲಿ ಅದರ ಆವಿ, ಧೂಳು ಕುಡಿಯುವವರು ನೀವು ಮತ್ತು ನಿಮ್ಮ ಮಕ್ಕಳು. ಔಷಧಿಯ ಜಾಗ ಹಿಂದಿನ ತೊಟ್ಟಿ, ಟಾರ್ಪಾಲಿನ ಅಡಿಗೆ.

ಇನ್ನು ಸರಕಾರದ ಮಾತು. ಲಾರಿ ಚಾಲಕರ ಕಷ್ಟ ಮನಗಂಡು ಕೇಂದ್ರ ಸರಕಾರ 2023ರ ಡಿಸೆಂಬರಿನಲ್ಲಿ ಒಂದು ಅಧಿಸೂಚನೆ ಹೊರಡಿಸಿತು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಎನ್-2 ಮತ್ತು ಎನ್-3 ವರ್ಗದ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯ. ಸ್ವಾಗತಾರ್ಹ ಕ್ರಮ. ಆದರೆ ಎನ್-2 ಶುರುವಾಗುವುದೇ ಒಟ್ಟು ತೂಕ 3.5 ಟನ್ ದಾಟಿದ ಮೇಲೆ. ನಮ್ಮ ಪಿಕಪ್‌ಗಳು ಅದಕ್ಕೆ ಒಳಗಿನ ಎನ್-1 ವರ್ಗದವು. ಏರ್‌ಬ್ಯಾಗಿನ ಕತೆಯೂ ಇದೇ ಬಗೆಯದು. ಕಾರುಗಳಿಗೆ 2019ರ ಜುಲೈಯಿಂದ ಚಾಲಕನ ಬದಿಗೆ ಅದು ಕಡ್ಡಾಯವಾಯಿತು, 2021ರಲ್ಲಿ ಪಕ್ಕದ ಸೀಟಿಗೂ ಬಂತು. ಆ ಆದೇಶ ಪ್ರಯಾಣಿಕ ಕಾರುಗಳಿಗೆ ಮಾತ್ರ. ಕಾರಿನವನಿಗೆ ಒಂದು ಕಾನೂನು ಬಂತು, ದೊಡ್ಡ ಲಾರಿಯವನಿಗೆ ಇನ್ನೊಂದು ಬಂತು. ನಡುವೆ ಸಣ್ಣ ಬೆಳೆಗಾರನ ಗಾಡಿ ಎರಡರಿಂದಲೂ ಹೊರಗುಳಿಯಿತು. ಕಂಪೆನಿಗಳು ಈಗ ಕೆಲವು ಪಿಕಪ್ ಮಾದರಿಗಳಿಗೆ ಎ.ಸಿ. ಕೊಡುತ್ತಿವೆ, ನಿಜ. ಹೆಚ್ಚಿನ ಹಣ ತೆತ್ತವನಿಗೆ ಸಿಗುವುದು ಬೇರೆ, ಎಲ್ಲರಿಗೂ ಸಿಗಲೇಬೇಕಾದುದು ಬೇರೆ.

ಬೆಲೆ ಏರುವುದಿಲ್ಲವೇ ಎಂದು ಸದಸ್ಯರು ಕೇಳಬಹುದು. ಏರುತ್ತದೆ. ಸೀಟ್ ಬೆಲ್ಟು ಬಂದಾಗಲೂ ಈ ಮಾತು ಕೇಳಿಬಂದಿತ್ತು; ಇಂದು ಬೆಲ್ಟಿಲ್ಲದ ಗಾಡಿ ಕೊಡಿ, ಅಗ್ಗವಾಗಲಿ ಎಂದು ಯಾರೂ ಕೇಳುವುದಿಲ್ಲ.

ಬರುವ ಮಹಾಸಭೆಯಲ್ಲಿ ಮೂರು ವಿಷಯಗಳು ಚರ್ಚೆಗೆ ಬರಬೇಕೆಂದು ನಾವು ಸೂಚಿಸುತ್ತೇವೆ. ಒಂದು, ಸಂಘದಿಂದ ಕೊಡುವ ವಾಹನ ಸಾಲದಲ್ಲಿ ಡಬಲ್ ಕ್ಯಾಬಿನ್ ಗಾಡಿಗೆ ಆದ್ಯತೆ ಇರಲಿ. ಎರಡು, ಒಂದೇ ಮಾದರಿ ಬೇಕಾದ ಹತ್ತಿಪ್ಪತ್ತು ಸದಸ್ಯರನ್ನು ಸಂಘವೇ ಕೂಡಿಸಿ, ಮೇಲೆ ಹೇಳಿದ ಸೌಕರ್ಯಗಳ ಪಟ್ಟಿ ಹಿಡಿದು ಕಂಪೆನಿಯೊಡನೆ ದರ ಮಾತಾಡಲಿ. ಒಬ್ಬಂಟಿಯಾಗಿ ಹೋದವನಿಗೆ ಹಾಡು ಹಾಕಿ ತೋರಿಸುತ್ತಾರೆ, ಇಪ್ಪತ್ತು ಮಂದಿ ಹೋದರೆ ಕುರ್ಚಿ ಹಾಕಿ ಕೇಳುತ್ತಾರೆ. ಮೂರು, ಎ.ಸಿ. ಮತ್ತು ಏರ್‌ಬ್ಯಾಗಿನ ನಿಯಮವನ್ನು ಎನ್-1 ವರ್ಗಕ್ಕೂ ವಿಸ್ತರಿಸಬೇಕೆಂದು ಕೇಂದ್ರ ಸಾರಿಗೆ ಮಂತ್ರಾಲಯಕ್ಕೆ ಸಂಘದ ಠರಾವು ಹೋಗಲಿ. ಮಲೆನಾಡಿನ ಮಂಜಿನ ಕಾರಣವನ್ನು ಅದರಲ್ಲಿ ಬಿಡಿಸಿ ಬರೆಯೋಣ. ದಿಲ್ಲಿಯಲ್ಲಿ ಕೂತವರಿಗೆ ಅದು ತಾನಾಗಿ ಹೊಳೆಯುವುದಿಲ್ಲ.

ಅಷ್ಟರವರೆಗೆ ಒಂದು ಸಣ್ಣ ಕೆಲಸವನ್ನು ಸದಸ್ಯರೆಲ್ಲ ಮಾಡಬಹುದು. ಖಾಲಿ ಇರುವ ದಿನ ನೋಡಿ, ಮನೆಯವರಲ್ಲಿ ಒಬ್ಬರ ಕೈಗೆ ಸ್ಟಿಯರಿಂಗ್ ಕೊಟ್ಟು, ನಿಮ್ಮದೇ ಗಾಡಿಯ ಹಿಂದಿನ ಸೀಟಿನಲ್ಲಿ ತೋಟದಿಂದ ಪೇಟೆಯವರೆಗೆ ಒಮ್ಮೆ ಕೂತು ಬನ್ನಿ. ಗಾಡಿಗೆ ಹಿಂದಿನ ಸೀಟೇ ಇಲ್ಲವಾದರೆ, ಅಲ್ಲಿ ಯಾರನ್ನು ಎಲ್ಲಿ ಕೂರಿಸುತ್ತಿದ್ದೀರಿ ಎಂದು ಯೋಚಿಸಿ. ಮಹಾಸಭೆಗೆ ಬರುವ ಮೊದಲು ಇಷ್ಟು ಮಾಡಿದರೆ ಚರ್ಚೆ ಬಹಳ ಹೊತ್ತು ಹಿಡಿಯಲಾರದು.