ಜೋಗ್ಯಕರ್ತಾದ ಪತನ

ಡಚ್ಚರ ವಿರುದ್ಧ ಇಂಡೋನೇಷ್ಯ ಹೂಡಿದ ಸ್ವಾತಂತ್ರ್ಯಸಮರವನ್ನು ಕುರಿತು ಮಾತನಾಡುವವರು 1945ರ ನವೆಂಬರಿನ ಸುರಬಾಯ ಕದನವನ್ನೇ ಮೊದಲು ಕೊಂಡಾಡುವರು. ಅದು ಯುಕ್ತವೇ. ಆದರೆ ಆ ನಗರದ ತರುಣರ ಮೇಲೆ ಬ್ರಿಟಿಷರು ನುಗ್ಗಿಸಿದ ಸೇನೆಯಲ್ಲಿ ಬಹುಮಂದಿ ನಮ್ಮ ದೇಶದ ಸಿಪಾಯಿಗಳೇ ಇದ್ದರೆಂಬುದನ್ನು ನೆನೆದಾಗ ತಲೆ ತಗ್ಗಿಸಬೇಕಾಗುತ್ತದೆ. ಪರಾಧೀನ ನಾಡಿನ ಮಕ್ಕಳನ್ನೇ ಮತ್ತೊಂದು ನಾಡಿನ ಬಿಡುಗಡೆಗೆ ಅಡ್ಡವಾಗಿ ನಿಲ್ಲಿಸಿದ ಆ ರಾಜನೀತಿ ಎಂತಹದು!

ಯುದ್ಧದ ಗತಿಯನ್ನು ತಿರುಗಿಸಿದುದಾದರೋ ಗಣರಾಜ್ಯದ ಒಂದು ಸೋಲೆಂದೇ ನಮ್ಮ ಅಭಿಪ್ರಾಯ. 1948ರ ಡಿಸೆಂಬರ್ 19ರಂದು ಡಚ್ಚರು, ಅದೇ ವರ್ಷಾರಂಭದಲ್ಲಿ ತಾವೇ ರುಜು ಹಾಕಿದ್ದ ರೆನ್‌ವಿಲ್ ಒಪ್ಪಂದವನ್ನು ತುಳಿದು, ರಾಜಧಾನಿಯಾದ ಜೋಗ್ಯಕರ್ತಾವನ್ನು ಹಿಡಿದರು. ಸುಕರ್ಣೋ, ಹಟ್ಟಾ ಸೆರೆಯಾದರು. ಕಾರ್ಯ ಮುಗಿಯಿತೆಂದು ಹೇಗ್ ನಗರದ ಮಂತ್ರಿಗಳು ಬಗೆದಿರಬೇಕು. ಮುಗಿಯಲಿಲ್ಲ. ಸುಮಾತ್ರದಲ್ಲಿ ಶಾಫ್ರುದ್ದೀನರ ತುರ್ತು ಸರಕಾರ ತಲೆಯೆತ್ತಿತು. ಕ್ಷಯರೋಗದಿಂದ ಜರ್ಝರಿತನಾಗಿದ್ದ ಸೇನಾನಿ ಸುದೀರ್ಮಾನ್ ಡೋಲಿಯಲ್ಲಿ ಕುಳಿತೇ ಕಾಡುಮೇಡುಗಳಲ್ಲಿ ಗೆರಿಲ್ಲಾ ಯುದ್ಧ ನಡೆಸಿದನು. 1949ರ ಮಾರ್ಚ್ 1ರಂದು ಗಣರಾಜ್ಯದ ಪಡೆಗಳು ಅದೇ ನಗರಕ್ಕೆ ನುಗ್ಗಿ ಆರು ಗಂಟೆಗಳ ಕಾಲ ಅದನ್ನು ಹಿಡಿದುಕೊಂಡಿದ್ದವು.

ಲೋಕವೂ ಸುಮ್ಮನಿರಲಿಲ್ಲ. ಆ ಜನವರಿಯಲ್ಲಿಯೇ ನೆಹರೂ ಅವರು ಇಂಡೋನೇಷ್ಯದ ವಿಷಯಕ್ಕಾಗಿಯೇ ದೆಹಲಿಯಲ್ಲಿ ರಾಷ್ಟ್ರಗಳ ಸಮ್ಮೇಳನವನ್ನು ನೆರೆಸಿದರು. ಸುರಬಾಯದ ಋಣವನ್ನು ಭಾರತವು ತೀರಿಸತೊಡಗಿದ್ದು ಅಂದು. 28ರಂದು ಭದ್ರತಾ ಮಂಡಲಿಯು ಸೆರೆಯಾದ ನಾಯಕರ ಬಿಡುಗಡೆಯನ್ನು ಕೇಳಿತು.

ಡಿಸೆಂಬರ್ 27ರಂದು ಡಚ್ಚರು ಅಧಿಕಾರ ಬಿಟ್ಟುಕೊಟ್ಟರು. ಬಿಟ್ಟರೆಂದರೂ, ಪಶ್ಚಿಮ ನ್ಯೂಗಿನಿಯನ್ನು ತಮ್ಮ ಮುಷ್ಟಿಯಲ್ಲೇ ಉಳಿಸಿಕೊಂಡು, ಹಳೆಯ ವಸಾಹತು ಸರಕಾರದ ಸಾಲದ ಮೂಟೆಯನ್ನು ಹೊಸ ರಾಷ್ಟ್ರದ ಬೆನ್ನಿಗೆ ಕಟ್ಟಿಯೇ ಹೊರಟರು.