ಹೊದಿಕೆಯ ಲೆಕ್ಕ

ದೀಪಾವಳಿಯ ಮರುದಿನ ಮುಂಬಯಿಯ ಯಾವುದೇ ವಸತಿ ಸಂಕೀರ್ಣದ ಕಸದ ತೊಟ್ಟಿಯ ಬಳಿ ನಿಂತರೆ, ಹಬ್ಬದಲ್ಲಿ ನಾವು ಪರಸ್ಪರ ಕೊಟ್ಟುಕೊಂಡದ್ದು ಏನೆಂಬುದು ಕಾಣುತ್ತದೆ. ಬೆಳ್ಳಿಯಂತೆ ಥಳಥಳಿಸುವ ಕಾಗದ, ರಿಬ್ಬನ್ನು, ರಟ್ಟಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಸ್ಯಾಟಿನ್ ಹಾಸು. ತಿಂದದ್ದು ಮುಷ್ಟಿಯಷ್ಟು ಬಾದಾಮಿ. ಭಗವಾನ್ ಮಹಾವೀರರ ನಿರ್ವಾಣೋತ್ಸವವೆಂದು ಈ ಹಬ್ಬವನ್ನು ಆಚರಿಸುವ ನಮ್ಮ ಮನೆಗಳೂ ಇದಕ್ಕೆ ಹೊರತಲ್ಲ.

ಆ ಹೊಳೆಯುವ ಕಾಗದ ಬಹುತೇಕ ಕಾಗದವೇ ಅಲ್ಲ. ಪ್ಲಾಸ್ಟಿಕ್ ಪದರದ ಮೇಲಿನ ಲೋಹದ ಲೇಪ. ಮುಷ್ಟಿಯಲ್ಲಿ ಮುದುಡಿ ಬಿಟ್ಟಾಗ ತಾನಾಗಿ ಬಿಚ್ಚಿಕೊಂಡರೆ ಅದು ಪ್ಲಾಸ್ಟಿಕ್ಕೆಂದು ತಿಳಿಯಬಹುದು. ರದ್ದಿಯವನು ಅದನ್ನು ತೂಗಿಕೊಳ್ಳುವುದಿಲ್ಲ. ಸಿಹಿತಿಂಡಿಯ ಪೆಟ್ಟಿಗೆಗೂ ಆಮಂತ್ರಣ ಪತ್ರಿಕೆಗೂ ಸುತ್ತುವ ಪ್ಲಾಸ್ಟಿಕ್ ಹಾಳೆಯನ್ನು ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ನಿಷೇಧಿಸಿದೆ. ಲೆಕ್ಕಪರಿಶೋಧಕರಿಗೆ ಆ ದಿನಾಂಕ ಬೇರೊಂದು ಕಾರಣಕ್ಕೆ ನೆನಪು. ವ್ಯಾಪಾರ ಸಂಬಂಧದಲ್ಲಿ ಕೊಡುವ ಸವಲತ್ತು ವರ್ಷಕ್ಕೆ 20,000 ರೂಪಾಯಿ ಮೀರಿದರೆ ಮೂಲದಲ್ಲೇ ತೆರಿಗೆ ಮುರಿಯಬೇಕೆಂಬ 194ಆರ್ ಕಲಮೂ ಅಂದೇ ಜಾರಿಗೆ ಬಂತು. ಆ ಕಲಮಿನ ಬಗ್ಗೆ ನನ್ನ ಗ್ರಾಹಕರು ಮತ್ತೆ ಮತ್ತೆ ವಿಚಾರಿಸಿದರು. ಹಾಳೆಯ ನಿಷೇಧದ ಬಗ್ಗೆ ಒಬ್ಬರೂ ಕೇಳಲಿಲ್ಲ.

ಕಾಗದದ ಬದಲು ಬಟ್ಟೆ ಎಂಬ ಮಾತು ಈಗ ನಗರಗಳಲ್ಲಿ ಕೇಳಿಬರುತ್ತಿದೆ. ಜಪಾನಿನಲ್ಲಿ ಇದಕ್ಕಾಗಿಯೇ ಫುರೋಶಿಕಿ ಎಂಬ ಚೌಕದ ಬಟ್ಟೆಯಿದೆ. 2006ರಲ್ಲಿ ಅಲ್ಲಿನ ಪರಿಸರ ಸಚಿವೆ ಯುರಿಕೊ ಕೊಯಿಕೆ, ಪ್ಲಾಸ್ಟಿಕ್ ಬಾಟಲಿಗಳಿಂದ ತೆಗೆದ ನೂಲಿನಲ್ಲಿ ಅದನ್ನು ಮಾಡಿಸಿ ಪ್ರಚಾರ ಮಾಡಿದ್ದರು. ಆದರೆ ನಮ್ಮ ಅಂಗಡಿಗಳು ಈ ಹೆಸರಿನಲ್ಲಿ ಹೊಸ ರೇಷ್ಮೆ ಚೀಲಗಳನ್ನು ಮಾರತೊಡಗಿವೆ. ಗೂಡಿನೊಳಗಿನ ಜೀವವನ್ನು ಬಿಸಿ ಆವಿಯಲ್ಲಿ ಕೊಂದು ತೆಗೆದ ನೂಲು ಅದು. ಅದರಲ್ಲಿ ಸುತ್ತಿದ ಉಡುಗೊರೆಯನ್ನು ಪರಿಸರಸ್ನೇಹಿ ಎಂದು ಕರೆಯಲು ಜೈನನ ಬಾಯಿ ತಡವರಿಸಬೇಕು.

ಹತ್ತಿಯೂ ಪುಕ್ಕಟೆಯಲ್ಲ. ಅದು ಹೊಲದಲ್ಲಿ ಬಹಳ ನೀರು ಕುಡಿಯುತ್ತದೆ. ಲೆಕ್ಕದ ಭಾಷೆಯಲ್ಲಿ ಕಾಗದ ಆ ವರ್ಷದ ಖರ್ಚು, ಬಟ್ಟೆ ಆಸ್ತಿ. ಆಸ್ತಿಯ ಬೆಲೆಯನ್ನು ಅದು ದುಡಿಯುವ ವರ್ಷಗಳ ಮೇಲೆ ಹಂಚುತ್ತೇವೆ. 60 ರೂಪಾಯಿಯ ಬಟ್ಟೆ ಇಪ್ಪತ್ತು ಮನೆ ಸುತ್ತಿದರೆ ಸಲಕ್ಕೆ ಮೂರು ರೂಪಾಯಿ. ಒಂದೇ ಮನೆಗೆ ಹೋಗಿ ಕಪಾಟು ಸೇರಿದರೆ ಕಾಗದಕ್ಕಿಂತ ದುಂದು.

ಹಾಗಾದರೆ ಕೊಳ್ಳುವುದೇ ಬೇಡ. ನಮ್ಮ ಪ್ರತಿ ಮನೆಯ ಕಪಾಟಿನಲ್ಲೂ ಉಡಿ ತುಂಬಿಸಿಕೊಂಡಾಗ ಬಂದ ರವಿಕೆ ಕಣಗಳ ರಾಶಿಯಿದೆ. ಯಾರೂ ಹೊಲಿಸುವುದಿಲ್ಲ, ಎಸೆಯುವುದೂ ಇಲ್ಲ. ಒಂದು ಕಾರ್ಯದಿಂದ ಇನ್ನೊಂದು ಕಾರ್ಯಕ್ಕೆ ದಾಟಿಸುತ್ತೇವೆ. (ಕೊಟ್ಟ ಕಣ ಮೂರು ವರ್ಷಗಳ ನಂತರ ಕೊಟ್ಟವರ ಮನೆಗೇ ಮರಳಿದ ಪ್ರಸಂಗ ಯಾರಿಗೆ ಗೊತ್ತಿಲ್ಲ?) 80 ಸೆಂಟಿಮೀಟರ್ ಚೌಕದ ಕಣದಲ್ಲಿ ಅರ್ಧ ಕಿಲೋ ಸಿಹಿಯ ಪೆಟ್ಟಿಗೆ ಸಲೀಸಾಗಿ ಕೂರುತ್ತದೆ. ಬಟ್ಟೆಯ ಕರ್ಣ ಪೆಟ್ಟಿಗೆಯ ಉದ್ದದ ಮೂರರಷ್ಟಿದ್ದರೆ ಸಾಕು. ಪೆಟ್ಟಿಗೆಯನ್ನು ನಡುವೆ ಓರೆಯಾಗಿಟ್ಟು, ಎದುರುಬದುರಿನ ಎರಡು ಮೂಲೆಗಳನ್ನು ಮಡಚಿ, ಉಳಿದೆರಡನ್ನು ಮೇಲೆ ಗಂಟು ಹಾಕಬೇಕು. ಅಂಟುಪಟ್ಟಿಯೂ ಬೇಡ.

ತೊಡಕಿರುವುದು ಗಂಟಿನಲ್ಲಲ್ಲ, ಸಂಕೋಚದಲ್ಲಿ. ಹಳೆಯ ಬಟ್ಟೆಯಲ್ಲಿ ಸುತ್ತಿ ಕೊಟ್ಟರೆಂಬ ಮಾತಿಗೆ ನಾವು ಅಂಜುತ್ತೇವೆ. ಬಟ್ಟೆಯನ್ನು ಮರಳಿ ಕೇಳುವುದಂತೂ ದೂರವೇ ಉಳಿಯಿತು. ಒಂಟಿ ಮನೆ ಈ ಅಂಜಿಕೆಯನ್ನು ಮುರಿಯಲಾರದು. ಸಮಾಜದ ಮಂಡಳಿಗಳು ಮೊದಲಾಗಬೇಕು. ದಶಲಕ್ಷಣ ಪರ್ವದ ಕೊನೆಗೆ ಮಕ್ಕಳಿಗೆ ಹಂಚುವ ಬಹುಮಾನಗಳಿಂದಲೇ ಆರಂಭಿಸಬಹುದು. ಮಂಡಳಿಯ ವಾರ್ಷಿಕ ಲೆಕ್ಕದಲ್ಲಿ ಹೊದಿಕೆಯ ಖರ್ಚು ಸಾಮಾನ್ಯವಾಗಿ ‘ಇತರೆ’ ಎಂಬ ಸಾಲಿನಲ್ಲಿ ಅಡಗಿರುತ್ತದೆ. ಅದನ್ನು ಈ ವರ್ಷ ಪ್ರತ್ಯೇಕವಾಗಿ ತೋರಿಸಿ, ಮಹಾಸಭೆಯಲ್ಲಿ ಓದಿ ಹೇಳಲಿ.

ನಮ್ಮ ಮನೆಯಲ್ಲಿ ಎಣಿಸಿದಾಗ 31 ಕಣಗಳು ಸಿಕ್ಕವು. ಈ ದೀಪಾವಳಿಗೆ ಅವೆಲ್ಲ ಹೊರಡಲಿವೆ. ಮರಳಿ ಬಂದವೆಷ್ಟು ಎಂಬುದನ್ನು ಮಾರ್ಚ್ ಅಂತ್ಯದ ಲೆಕ್ಕದ ಜೊತೆಗೆ ಇಲ್ಲಿಯೇ ಒಪ್ಪಿಸುತ್ತೇನೆ.