ಮೂಲ ಅಲ್ಲಿ, ಪ್ರತಿ ಇಲ್ಲಿ

ಗೌರಿಬಿದನೂರಿನ ಬಳಿ 1965ರಲ್ಲಿ ಭೂಕಂಪಮಾಪಕಗಳ ಸಾಲೊಂದನ್ನು ಸ್ಥಾಪಿಸಿದರು. ಬಯಲಿನಲ್ಲಿ ಹರಡಿದ ಮಾಪಕಗಳು ನೆಲದ ನಡುಕವನ್ನು ಗ್ರಹಿಸಿ ಕೇಂದ್ರಕ್ಕೆ ತಿಳಿಸುವ ಏರ್ಪಾಡು ಅದು. ದೂರದ ಸಂಗತಿಯನ್ನು ಕುಳಿತಲ್ಲಿಯೇ ಓದುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಆದರೆ ಕುಳಿತಲ್ಲಿಂದಲೇ ದೂರದ ಬರಹವನ್ನು ತಿದ್ದುವುದಿದೆಯಲ್ಲ, ಅದರ ತೊಡಕೇ ಬೇರೆ.

ನಮ್ಮ ಪರಿಚಯದ ಕುಟುಂಬವೊಂದಕ್ಕೆ ರೇಷ್ಮೆನೂಲಿನ ವ್ಯಾಪಾರ. ಅಕ್ಕ ಶಿಡ್ಲಘಟ್ಟದಲ್ಲಿ, ತಮ್ಮ ಚಿಂತಾಮಣಿಯಲ್ಲಿ. ಅವರ ದರಪಟ್ಟಿಯ ಕಡತವಿರುವುದು ದೂರದ ಸರ್ವರಿನಲ್ಲಿ. ಒಂದು ಬೆಳಿಗ್ಗೆ ಅಕ್ಕ ಕಡತವನ್ನು ತನ್ನ ಕಂಪ್ಯೂಟರಿನಲ್ಲಿ ತೆರೆದಳು. ಅಷ್ಟರಲ್ಲಿ ಮನೆಗೆ ನೆಂಟರು ಬಂದರು. ಮಧ್ಯಾಹ್ನ ತಮ್ಮ ದರವನ್ನು ಏರಿಸಿದ. ಸಂಜೆ ಅಕ್ಕ ಫೋನ್ ನಂಬರೊಂದನ್ನು ತಿದ್ದಿ ಉಳಿಸಿದಳು. ಮರುದಿನ ಚಿಕ್ಕಬಳ್ಳಾಪುರದ ವರ್ತಕರು ಹಳೆಯ ದರವನ್ನೇ ಕಂಡು ನೂಲು ಕೇಳಿದರು. ಮಾತಿಗೆ ತಪ್ಪುವಂತಿರಲಿಲ್ಲ, ನಷ್ಟವನ್ನು ಮನೆಯವರೇ ಹೊತ್ತರು.

“ಅಕ್ಕಾ, ನಾನು ಹಾಕಿದ ದರ ಎಲ್ಲಿ ಹೋಯಿತು?”

“ನಾನು ದರವನ್ನು ಮುಟ್ಟಲೇ ಇಲ್ಲವಲ್ಲೋ!”

ಇಬ್ಬರು ಹೇಳಿದುದೂ ನಿಜವೇ. ಅಕ್ಕನ ಪರದೆಯ ಮೇಲಿದ್ದುದು ಮೂಲವಲ್ಲ, ಬೆಳಿಗ್ಗೆ ಇಳಿದುಬಂದ ಪ್ರತಿ. ಉಳಿಸಿದೊಡನೆ ಆ ಪ್ರತಿ ಇಡಿಯಾಗಿ ಹೋಗಿ ಮೂಲದ ಜಾಗದಲ್ಲಿ ಕುಳಿತಿತು. ಮಧ್ಯಾಹ್ನದ ದರ ಅದಕ್ಕೇನು ಗೊತ್ತು?

ಕಡತ ಸಾಗಿಸುವ ಎಫ್‌ಟಿಪಿ ಎಂಬ ನಿಯಮಾವಳಿಯನ್ನು 1971ರಲ್ಲಿ ಮೊದಲು ಬರೆದವರು ಕಾನ್ಪುರದ ಐಐಟಿಯಲ್ಲಿ ಓದಿದ ಅಭಯ್ ಭೂಷಣ್. ಇಂದು ಗುಪ್ತಲಿಪಿಯಲ್ಲಿ ಸಾಗಿಸುವ ಎಸ್‌ಎಫ್‌ಟಿಪಿ ಬಳಕೆಯಲ್ಲಿದೆ. ಎರಡೂ ಅಂಚೆಯವನಂತೆ: ಕೊಟ್ಟುದನ್ನು ತಲುಪಿಸುತ್ತವೆ, ನಡುವೆ ಯಾರು ತಿದ್ದಿದರೆಂದು ವಿಚಾರಿಸುವುದಿಲ್ಲ.

ಪರಿಹಾರ ಕಷ್ಟವೇನಲ್ಲ. ತಿದ್ದುವ ಮುನ್ನ ಹೊಸದಾಗಿ ಪ್ರತಿ ತರಿಸಿಕೊಳ್ಳಬೇಕು. ಹಳೆಯದನ್ನು ಆ ದಿನದ ತಾರೀಖಿನ ಹೆಸರಿನಲ್ಲಿ ಎತ್ತಿಡಬೇಕು. ಕೆಲಸ ಮುಗಿದೊಡನೆ ಉಳಿಸಿ, ಮೂಲವನ್ನು ಮತ್ತೊಮ್ಮೆ ನೋಡಬೇಕು. ತಿದ್ದುವ ಕೈಗಳು ಹಲವಾದರೆ, ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ರಚಿಸಿದ ಗಿಟ್ ನೆರವಾಗುತ್ತದೆ. ಮೊದಲಿನವರ ತಿದ್ದುಪಡಿಯನ್ನು ಸೇರಿಸಿಕೊಳ್ಳದೆ ಎರಡನೆಯವರು ಕಳುಹಿಸಿದರೆ ಅದು ಸಾಮಾನ್ಯವಾಗಿ ತಡೆಯುತ್ತದೆ.

ಆ ಮನೆಯವರು ಇನ್ನೂ ಗಿಟ್ ಕಲಿತಿಲ್ಲ. ಕಡತ ತೆರೆಯುವ ಮುನ್ನ ಅಕ್ಕ ಈಗ ಚಿಂತಾಮಣಿಗೆ ಫೋನು ಮಾಡುತ್ತಾಳೆ: “ಏನೋ, ನೀನೇನಾದರೂ ತಿದ್ದುತ್ತಿದ್ದೀಯಾ?” ಓದುಗರೇ, ದರವೂ ಉಳಿದಿದೆ, ದಿನಕ್ಕೊಮ್ಮೆ ತಮ್ಮನ ಯೋಗಕ್ಷೇಮ ವಿಚಾರಿಸಿದಂತೆಯೂ ಆಗಿದೆ!